ಹರಿಹರದ ಫೋಟೋ ದೊಡ್ಡದು ಮಾಡಿಸಿದ್ದು

ಪೆನ್‌ಡ್ರೈವ್ ಬಸ್ಸಿನಲ್ಲಿ ಬಿದ್ದುಹೋಗಬಹುದಿತ್ತು. ಬೀಳದೆ ಉಳಿದರೂ, ಸ್ಟುಡಿಯೋದ ಕಂಪ್ಯೂಟರಿಗೆ ಹಾಕಿದ ಕೂಡಲೇ ಅದರೊಳಗಿನ ವೈರಸ್ಸು ಅಲ್ಲಿದ್ದ ಮದುವೆ ಫೋಟೋಗಳನ್ನೆಲ್ಲ ತಿಂದುಹಾಕಿ, ದಾವಣಗೆರೆಯ ಅಷ್ಟೂ ಬೀಗರು ನಮ್ಮ ಮನೆ ಬಾಗಿಲಿಗೆ ಬಂದು ನಿಲ್ಲಬಹುದಿತ್ತು. ಗಾಜಿಗೆ ಅಂಟಿದ್ದ ಫೋಟೋವನ್ನು ಬಿಡಿಸಲು ಹೋದರೆ ಹರಿಯಬಹುದಿತ್ತು, ಬಿಡಿಸದೆ ಹಾಗೇ ಇಟ್ಟರೆ ಗಾಜು ಒಡೆಯಬಹುದಿತ್ತು. ಸ್ಕ್ಯಾನು ಸೊಟ್ಟ ಬರಬಹುದಿತ್ತು. ಫೈಲು ಜೆಪೆಗ್ ಆಗಿ ಅವ್ವನ ಮುಖ ಚೌಕ ಚೌಕವಾಗಬಹುದಿತ್ತು. ಟಿಫ್ ಆಗಿ, ಯಾವ ಯಂತ್ರವೂ ಅದನ್ನು ತೆರೆಯದೆ ಹೋಗಬಹುದಿತ್ತು. ಕಪ್ಪು ಬಿಳುಪಿನ ಫೋಟೋ ಪ್ರಿಂಟಿನಲ್ಲಿ ಪಾಚಿ ಬಣ್ಣಕ್ಕೆ ತಿರುಗಬಹುದಿತ್ತು. ಅಂಚು ಸರಿಮಾಡುವ ಭರದಲ್ಲಿ ಲ್ಯಾಬಿನವರು ದೊಡ್ಡಮ್ಮನ ಅರ್ಧ ಭುಜವನ್ನೇ ಕತ್ತರಿಸಬಹುದಿತ್ತು. ಇಷ್ಟೆಲ್ಲ ದಾಟಿ ಪ್ರಿಂಟು ಕೈಗೆ ಬರುವಷ್ಟರಲ್ಲಿ ದೊಡ್ಡಮ್ಮನ ಕಣ್ಣು ಪೂರ್ತಿ ಹೋಗಿಬಿಡಬಹುದಿತ್ತು.

ಈ ಕೊನೆಯದೊಂದನ್ನು ಬಿಟ್ಟು ಉಳಿದವನ್ನೆಲ್ಲ ನಾನು ಗ್ಯಾಸ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೆ. ಕೊನೆಯದನ್ನು ಬರೆಯಲು ಕೈ ಬರಲಿಲ್ಲ. ಪಟ್ಟಿ ನೋಡಿದ ನಮ್ಮ ಯಜಮಾನರು, ಇದರಲ್ಲಿ ಭೂಕಂಪ ಬಿಟ್ಟುಹೋಗಿದೆ ನೋಡು ಅಂದರು. ಅವರು ತಮಾಷೆಗೆ ಅಂದದ್ದು. ನಾನು ಸ್ವಲ್ಪ ಹೊತ್ತು ಭೂಕಂಪದ ಬಗ್ಗೆಯೂ ಯೋಚಿಸಿದೆ.

ನನ್ನ ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಆಮೇಲೆ ನನ್ನನ್ನು ಸಾಕಿದವಳು ಹರಿಹರದ ದೊಡ್ಡಮ್ಮ, ಅವ್ವನ ಅಕ್ಕ. ಮದುವೆಯಾಗಿ ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಗೆ ಬಂದು ಇಪ್ಪತ್ತೇಳು ವರ್ಷವಾದರೂ, ತಲೆನೋವು ಬಂದರೆ ಈಗಲೂ ಮೊದಲು ಫೋನು ಹೋಗುವುದು ಅಲ್ಲಿಗೇ. ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ. ಮಗ, ಸೊಸೆಯ ಜೊತೆ ಇದ್ದಾಳೆ. ಕಿವಿ ಚೆನ್ನಾಗಿದೆ, ನಾಲಿಗೆ ಇನ್ನೂ ಚೆನ್ನಾಗಿದೆ. ಹೋಗುತ್ತಿರುವುದು ಕಣ್ಣು. ಕಣ್ಣಿನ ಹಿಂದಿನ ಪರದೆ ನಡುವಿನಿಂದ ಸವೆಯುತ್ತಿದೆ, ಸವೆದದ್ದು ಮರಳಿ ಬರುವುದಿಲ್ಲ, ಅಂಚು ಇನ್ನು ಕೆಲವು ತಿಂಗಳು ಉಳಿಯಬಹುದು ಎಂದು ಡಾಕ್ಟರು ಹೇಳಿದರು. ಸಣ್ಣದು ಕಾಣುವುದಿಲ್ಲ, ದೊಡ್ಡದು ಕಾಣುತ್ತದೆ, ಅದೂ ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡಿದರೆ. ಡಾಕ್ಟರು ಇದನ್ನು ಹೇಳುವಾಗ ನಾನು ಅವರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಣ್ಣನ್ನೇ ನೋಡುತ್ತಿದ್ದೆ. ಹೊರಗೆ ಬಂದಮೇಲೆ ದೊಡ್ಡಮ್ಮನೇ ನನ್ನ ಬೆನ್ನು ತಟ್ಟಿದಳು.

ಅದಾದ ವಾರಕ್ಕೆ ಫೋನು ಮಾಡಿದಳು. ಪಡಸಾಲೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಫೋಟೋ ಇದೆಯಲ್ಲ, ತಾನೂ ತಂಗಿಯೂ ನಿಂತದ್ದು, ಅದು ಈಗ ಅವಳಿಗೆ ಗೋಡೆಯ ಮೇಲಿನ ಒಂದು ಕಲೆಯ ಹಾಗೆ ಕಾಣುತ್ತಿದೆಯಂತೆ.

"ಅದನ್ನ ದೊಡ್ಡದು ಮಾಡ್ಸಿಕೊಂಡು ಬಾ ಮಗಳ. ಎಷ್ಟು ದೊಡ್ಡದು ಆಗ್ತೈತೋ ಅಷ್ಟು. ಆಕಿ ನಗೋದು ಇನ್ನೊಂದು ಸಲ ಕಾಣಬೇಕು ನನಗ."

ಆ ಫೋಟೋದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹರಿಹರದಲ್ಲಿ ಆಗ ಇದ್ದ ಒಂದೇ ಸ್ಟುಡಿಯೋದಲ್ಲಿ, ಅವ್ವನ ಮದುವೆಗೆ ಮುಂಚೆ ತೆಗೆಸಿದ್ದು. ಎರಡು ಬೀದಿ ಆಚೆ ತುಂಗಭದ್ರೆ ಹರಿಯುತ್ತಿದ್ದರೂ ಇಬ್ಬರೂ ನಿಂತಿರುವುದು ಪರದೆಯ ಮೇಲೆ ಬರೆದ ಕೆರೆಯ ಮುಂದೆ. ನಗಬಾರದು, ಹಲ್ಲು ಕಂಡರೆ ಗಂಡಿನ ಕಡೆಯವರಿಗೆ ಫೋಟೋ ತೋರಿಸುವ ಹಾಗಿಲ್ಲ ಎಂದು ಫೋಟೋದವನು ತಾಕೀತು ಮಾಡಿದ್ದನಂತೆ. ಅವನು ಬಟನ್ ಒತ್ತುವ ಹೊತ್ತಿಗೆ ಸರಿಯಾಗಿ ದೊಡ್ಡಮ್ಮ ಹಿಂದಿನಿಂದ ತಂಗಿಯ ಸೊಂಟ ಚಿವುಟಿದಳು. ತುಟಿ ಬಿಗಿಹಿಡಿದಿದ್ದ ಅವ್ವನ ನಗು ಇನ್ನೇನು ಸೋರುವ ಕ್ಷಣ ಅದರಲ್ಲಿದೆ. ಮದುವೆ ಫೋಟೋದಲ್ಲಿ ಅವ್ವ ಆಸ್ಪತ್ರೆಯಲ್ಲಿ ತನ್ನ ಸರದಿಗೆ ಕಾಯುತ್ತಿರುವವಳ ಹಾಗೆ ಕೂತಿದ್ದಾಳೆ. ಅವಳು ನಕ್ಕ ಫೋಟೋ ಇದೊಂದೇ. ನಿಜವಾಗಿ ನಕ್ಕದ್ದು ನನಗೆ ನೆನಪಿಲ್ಲ. ನೆನಪಿದೆ ಅಂದುಕೊಂಡಿರುವುದೆಲ್ಲ ಈ ಫೋಟೋದಿಂದ ಬಂದದ್ದು.

ಫೋಟೋ ಮನೆ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ ಎಂಬುದು ದೊಡ್ಡಮ್ಮನ ಕಟ್ಟಪ್ಪಣೆ. ಹಿಂದೊಮ್ಮೆ ಕಟ್ಟು ಹಾಕಿಸಲು ಕೊಟ್ಟಾಗ ಅಳತೆಗೆ ಹೊಂದಲಿಲ್ಲವೆಂದು ಅಂಗಡಿಯವನು ಒಂದು ಮೂಲೆ ಕತ್ತರಿಸಿದ್ದ. ಹಾಗಾಗಿ ದೊಡ್ಡಮ್ಮನ ಸೊಸೆ ಗೋಡೆಯ ಮೇಲಿದ್ದ ಹಾಗೇ ಅದರ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದಳು. ನಾನು ಅದನ್ನು ಯಜಮಾನರಿಗೆ ಕಳಿಸಿದೆ, ಸರಿಯಿದೆಯಾ ಅಂತ. ಅವರು ಅಂಚಿನ ಕ್ಯಾಲೆಂಡರನ್ನು ಕತ್ತರಿಸಿ ನನಗೆ ವಾಪಸು ಕಳಿಸಿದರು. ನಾನು ಸ್ವಲ್ಪ ಬೆಳಕು ಹೆಚ್ಚಿಸಿ ಸ್ಟುಡಿಯೋದವರ ನಂಬರಿಗೆ ಕಳಿಸಿ, ಹಿಂದೆಯೇ ನಾನೂ ಹೋದೆ.

ಸ್ಟುಡಿಯೋದವರು ನನ್ನ ವಯಸ್ಸಿನವರೇ, ಹಣೆ ತುಂಬ ವಿಭೂತಿ, ನಿಧಾನದ ಮಾತು. ಕಂಪ್ಯೂಟರಿನಲ್ಲಿ ಅವ್ವನ ಮುಖವನ್ನು ದೊಡ್ಡದು ಮಾಡಿದರು. ಮಾಡುತ್ತ ಹೋದ ಹಾಗೆ ಮೊದಲು ಮೂಗು ಹೋಯಿತು, ಆಮೇಲೆ ತುಟಿ. ಕೊನೆಗೆ ಉಳಿದದ್ದು ಬಚ್ಚಲುಮನೆಗೆ ಹಾಸುವ ಟೈಲ್ಸಿನಂಥ ಬೂದು ಚೌಕಗಳು.

"ಇದು ಫೋಟೋ ಅಲ್ರಿ ಮೇಡಂ," ಅಂದರು. "ಫೋಟೋದ ಸುದ್ದಿ."

ಆಮೇಲೆ ಅವರು ನನಗೆ ಕೂರಲು ಸ್ಟೂಲು ಕೊಟ್ಟು ಪಾಠ ಹೇಳಿದರು. ಈ ಊರಿನಲ್ಲಿ ಯಾವುದನ್ನಾದರೂ ವಿವರಿಸಬೇಕಾದರೆ ಮಂಡಕ್ಕಿಯಿಂದಲೇ ಶುರುಮಾಡುವುದು. ಜೆಪೆಗ್ ಅಂದರೆ ಚೀಲಕ್ಕೆ ಒತ್ತಿ ತುಂಬಿದ ಮಂಡಕ್ಕಿ. ಸಣ್ಣ ಜಾಗದಲ್ಲಿ ಹಿಡಿಯುತ್ತದೆ, ಸಾಗಿಸಲು ಸುಲಭ, ಆದರೆ ತಳದಲ್ಲಿ ಒಂದಷ್ಟು ಪುಡಿಯಾಗುತ್ತದೆ. ಬಿಚ್ಚಿ, ಅದು ಇದು ಸರಿಮಾಡಿ, ಮತ್ತೆ ತುಂಬಿದಿರೋ ಇನ್ನಷ್ಟು ಪುಡಿ. ನೀವು ನಾಲ್ಕು ಸಲ ಬಿಚ್ಚಿ ತುಂಬಿದ್ದೀರಿ, ವಾಟ್ಸಾಪು ಪ್ರತಿ ಸಲವೂ ಮೇಲೆ ನಿಂತು ತುಳಿದಿದೆ ಅಂದರು. ಟಿಫ್ ಅಂದರೆ ಭಟ್ಟಿಯಿಂದ ಇಳಿಸಿ ಒತ್ತದೆ ಹಾಗೇ ಗುಡ್ಡೆ ಹಾಕಿದ್ದು. ಕೋಣೆ ತುಂಬ ಜಾಗ ಬೇಕು, ಆದರೆ ಒಂದು ಕಾಳೂ ಮುರಿಯುವುದಿಲ್ಲ. ಪಿಎನ್‌ಜಿ ಏನು ಎಂದು ಕೇಳಿದೆ. ಅದರಲ್ಲೂ ಮುರಿಯುವುದಿಲ್ಲ, ಆದರೆ ಅದು ಪರದೆಯ ಮೇಲೆ ನೋಡಲಿಕ್ಕೆ ಮಾಡಿದ್ದು, ಪ್ರಿಂಟಿನ ಕಡೆಯವರಿಗೆ ಅದರ ಮೇಲೆ ಅಷ್ಟು ಪ್ರೀತಿಯಿಲ್ಲ ಅಂದರು. ಮೂಲ ಫೋಟೋವನ್ನೇ ಸ್ಕ್ಯಾನರಿನಲ್ಲಿಟ್ಟು, ಇಂಚಿಗೆ ಸಾವಿರದ ಇನ್ನೂರು ಚುಕ್ಕಿಯ ಲೆಕ್ಕದಲ್ಲಿ, ಟಿಫ್ ಮಾಡಿಸಿ, ಪೆನ್‌ಡ್ರೈವಿನಲ್ಲಿ ತನ್ನಿ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಫೋನಿನಲ್ಲಿ ಕಳಿಸಲೇಬೇಡಿ, ಕಳಿಸುವುದೇ ಆದರೆ ಫೋಟೋ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ ಎಂದೂ ಸೇರಿಸಿದರು.

ಮನೆಗೆ ಬಂದವಳೇ ಇಂಟರ್ನೆಟ್ಟಿನಲ್ಲಿ ಓದತೊಡಗಿದೆ, ಅದೇ ನಾನು ಮಾಡಿದ ತಪ್ಪು. ಒಬ್ಬರು ಟಿಫ್ ಬಿಟ್ಟರೆ ಬೇರೆ ದಾರಿಯಿಲ್ಲ ಅನ್ನುತ್ತಾರೆ, ಇನ್ನೊಬ್ಬರು ಒಳ್ಳೆಯ ಜೆಪೆಗ್ಗಿಗೂ ಅದಕ್ಕೂ ವ್ಯತ್ಯಾಸ ಕಂಡುಹಿಡಿದವರಿಗೆ ನಮಸ್ಕಾರ ಅನ್ನುತ್ತಾರೆ. ಮೂರನೆಯವರು ಇಬ್ಬರನ್ನೂ ಬೈದು ಬಣ್ಣದ ವಿಚಾರಕ್ಕೆ ಹೋಗುತ್ತಾರೆ. ವಾರ ಕಳೆಯುವುದರೊಳಗೆ ನನಗೆ ನನ್ನ ಫೋನಿನ ಫೋಟೋಗಳನ್ನು ತೆರೆಯಲೂ ಭಯವಾಗತೊಡಗಿತು. ನೋಡಿದಷ್ಟೂ ಸವೆಯುತ್ತವೇನೋ ಎಂದು. ನೋಡಿದರೆ ಸವೆಯೋದಿಲ್ಲ, ತಿದ್ದಿ ಮತ್ತೆ ಸೇವ್ ಮಾಡಿದರೆ ಮಾತ್ರ ಎಂದು ಯಜಮಾನರು ಹೇಳಿದರು. ಅವರ ಮಾತಿನ ಮೇಲೆ ಅವಲಂಬಿಸುವುದು ಬೇಡವೆಂದು ಸ್ಟುಡಿಯೋದವರಿಗೂ ಫೋನು ಮಾಡಿ ಖಾತ್ರಿ ಮಾಡಿಕೊಂಡೆ. ಅವರು ಪಾಪ, ನಗಲಿಲ್ಲ. ಆದರೆ ಅಡುಗೆ ಮಾಡುತ್ತ ನನಗೆ ಬೇರೆಯದೇ ಚಿಂತೆ ಹತ್ತಿತು. ಅವ್ವನ ಮುಖವನ್ನು ನಾನು ಈ ನಲವತ್ತು ಚಿಲ್ಲರೆ ವರ್ಷಗಳಲ್ಲಿ ಎಷ್ಟು ಸಲ ತೆಗೆದು, ಅಲ್ಲಿ ಇಲ್ಲಿ ತಿದ್ದಿ, ಮತ್ತೆ ಒಳಗಿಟ್ಟಿದ್ದೇನೋ. ಅವತ್ತಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಹರಿಹರಕ್ಕೆ ಹೋಗಿ ದೊಡ್ಡಮ್ಮನಿಗೆ ಪರಿಸ್ಥಿತಿ ವಿವರಿಸಿದೆ. ಫೋಟೋ ಹೊರಗೆ ಹೋಗಲೇಬೇಕು, ಸ್ಕ್ಯಾನರು ಮನೆಗೆ ಬರುವುದಿಲ್ಲ. ಅವಳು, ಹಾಗಾದರೆ ನಾನೂ ಬರ್ತೀನಿ ಅಂದಳು. ಎಂಬತ್ತು ದಾಟಿದ, ಮೆಟ್ಟಿಲು ಕಾಣದ ಹೆಂಗಸು ಆ ಕಟ್ಟನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಕೂತಳು. ರಸ್ತೆಯ ಪ್ರತಿ ಉಬ್ಬಿಗೂ ನಾನು ಅವಳ ಕೈ ಹಿಡಿಯುತ್ತಿದ್ದೆ, ಅವಳು ಫೋಟೋ ಹಿಡಿಯುತ್ತಿದ್ದಳು.

ಝೆರಾಕ್ಸ್ ಅಂಗಡಿಯವರು ಪಹಣಿ, ಆಧಾರು, ಜಾತಿ ಪ್ರಮಾಣಪತ್ರ ಇವುಗಳಲ್ಲಿ ಜೀವ ಸವೆಸಿದವರು. ಪಿಡಿಎಫ್ ಕೊಡಲಾ ಅಂದರು. ನಾನು ಚೀಟಿ ತೋರಿಸಿದೆ. ಅವರು ಪರದೆಯ ಮೇಲಿನ ಪಟ್ಟಿಯನ್ನು ಕೆಳಗೆ ಜಾರಿಸಿ, ಈ ಟಿಫ್ಫು ಇಷ್ಟು ವರ್ಷ ಇಲ್ಲೇ ಇತ್ತಲ್ಲ, ಯಾರೂ ಕೇಳಿರಲೇ ಇಲ್ಲ ಎಂದು ಆಶ್ಚರ್ಯಪಟ್ಟರು. ತೊಂದರೆ ಬಂದದ್ದು ಗಾಜಿನಿಂದ. ಕಟ್ಟಿನ ಹಿಂದಿನ ರಟ್ಟು ತೆಗೆದರೂ ಫೋಟೋ ಗಾಜನ್ನು ಬಿಡಲಿಲ್ಲ. ಗಾಜಿನ ಸಮೇತ ಇಟ್ಟಾಗ ಅವರ ಹೊಸ ತೆಳ್ಳನೆಯ ಸ್ಕ್ಯಾನರಿನಲ್ಲಿ ಇಬ್ಬರೂ ಮಂಜಿನೊಳಗೆ ನಿಂತವರ ಹಾಗೆ ಕಂಡರು. ಬ್ಲೇಡಿನಿಂದ ಬಿಡಿಸಲಾ ಎಂದು ಅವರು ಕೇಳಿದಾಗ ದೊಡ್ಡಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

"ಬ್ಲೇಡು ಮುಟ್ಟಬ್ಯಾಡ್ರಿ. ಹಂಗೇ ಇರ್ಲಿ. ಮನಿಗೆ ಹೋಗೋಣ ನಡಿ ಮಗಳ."

ಆಗ ಅವರಿಗೆ ಒಳಗಿದ್ದ ಹಳೆಯ ಸ್ಕ್ಯಾನರಿನ ನೆನಪು ಬಂತು. ಗುಜರಿಗೆ ಹಾಕಬೇಕು ಎಂದು ಎರಡು ವರ್ಷದಿಂದ ಮೂಲೆಯಲ್ಲಿ ಬಿದ್ದಿದ್ದ ದಪ್ಪನೆಯ ಡಬ್ಬ. ಹೊಸದು ತನ್ನ ಮೈಗೆ ತಾಗಿದ್ದನ್ನು ಮಾತ್ರ ನೋಡುತ್ತದೆ, ಈ ಹಳೆಯದು ಸ್ವಲ್ಪ ಮೇಲಿರುವುದನ್ನೂ ನೋಡುತ್ತದೆ ಎಂದು ಧೂಳು ಒರೆಸುತ್ತ ಹೇಳಿದರು. ಅದು ಕೊಬ್ಬರಿ ತುರಿಯುವ ಸದ್ದು ಮಾಡುತ್ತ ಬಹಳ ಹೊತ್ತು ತೆಗೆದುಕೊಂಡಿತು. ಅಷ್ಟರಲ್ಲಿ ಪಹಣಿಗೆ ಬಂದ ನಾಲ್ಕು ಜನ ಕಾದರು. ಅವರಲ್ಲೊಬ್ಬರು, ಏನಜ್ಜಿ ಅಷ್ಟು ದೊಡ್ಡ ದಾಖಲೆ ಅಂದರು. ನನ್ನ ತಂಗಿ ಅಂದಳು ದೊಡ್ಡಮ್ಮ. ಫೈಲು ಎಂಬತ್ತು ಎಂಬಿ ದಾಟಿತ್ತು. ಸೊಸೆ ಕ್ಯಾಲೆಂಡರಿನ ಸಮೇತ ತೆಗೆದು ಕಳಿಸಿದ್ದ ಫೋಟೋ ಒಂದು ಎಂಬಿಯ ಹತ್ತರಲ್ಲಿ ಒಂದು ಭಾಗವೂ ಇರಲಿಲ್ಲ.

ಬಸ್ ನಿಲ್ದಾಣಕ್ಕೆ ಹೊರಡುವ ಮುಂಚೆ ದೊಡ್ಡಮ್ಮ ಪೆನ್‌ಡ್ರೈವನ್ನು ತಡಕಿ ನೋಡಿ, ಇಷ್ಟರಾಗ ಹಿಡೀತಾ ಅಂದಳು. ನನ್ನ ಸೆರಗಿನ ತುದಿಯಲ್ಲಿ ಇಟ್ಟು ಎರಡು ಗಂಟು ಹಾಕಿದಳು. ಬಸ್ಸಿನಲ್ಲಿ, ನಡುದಾರಿಯ ಬಾತಿ ಊರು ಬರುವವರೆಗೆ ನಾನು ಆ ಗಂಟನ್ನು ಹನ್ನೊಂದು ಸಲ ಮುಟ್ಟಿ ನೋಡಿಕೊಂಡೆ, ಆಮೇಲೆ ಎಣಿಸುವುದು ಬಿಟ್ಟೆ. ಸ್ಟುಡಿಯೋದಲ್ಲಿ ಗಂಟು ಬಿಚ್ಚಲು ನನ್ನಿಂದ ಆಗಲಿಲ್ಲ. ಸ್ಟುಡಿಯೋದವರು ಕತ್ತರಿ ತಂದರು, ಬೇಡವೆಂದು ಹಲ್ಲಿನಿಂದ ಬಿಡಿಸಿದೆ.

ಟಿಫ್ ತೆರೆದುಕೊಂಡಿತು. ಅವರು ಅವ್ವನ ಮುಖವನ್ನು ದೊಡ್ಡದು ಮಾಡುತ್ತ ಹೋದರು, ಈ ಸಲ ಏನೂ ಕಳೆದುಹೋಗಲಿಲ್ಲ. ಕಿವಿಯ ಓಲೆ ಬಂತು, ಹುಬ್ಬಿನ ಕೂದಲು ಬಂತು, ಬಿಗಿಹಿಡಿದ ತುಟಿಯ ಎಡ ಮೂಲೆಯಲ್ಲಿ ಹಲ್ಲಿನ ಒಂದು ಚೂರು ಬಂತು. ಅದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅವರು ಆ ಹೊತ್ತಿಗೆ ಬೇರೆ ಕಡೆ ನೋಡಿದರು.

ಇಪ್ಪತ್ತು ಇಂಚು ಅಗಲ, ಮೂವತ್ತು ಇಂಚು ಎತ್ತರ ಎಂದು ತೀರ್ಮಾನವಾಯಿತು. ಹೊಳೆಯುವ ಕಾಗದ ಬೇಡ, ಗಾಜೂ ಬೇಡ, ಮನೆಯಲ್ಲಿ ಹಿರಿಯರಿಗೆ ಕಣ್ಣು ಮಂಜು ಅಂದಿದ್ದಿರಲ್ಲ, ಬೆಳಕು ಬಿದ್ದರೆ ಅವರಿಗೆ ಬರೀ ಟ್ಯೂಬ್‌ಲೈಟೇ ಕಾಣುತ್ತದೆ ಎಂದು ಅವರೇ ಹೇಳಿದರು. ಒಳ್ಳೆಯ ಮನುಷ್ಯ. ಕೊನೆಗೆ, ಲ್ಯಾಬಿಗೆ ಜೆಪೆಗ್ ಮಾಡಿ ಕಳಿಸುತ್ತೇನೆ ಅಂದರು.

ನಾನು ಸ್ಟೂಲಿನ ಅಂಚು ಹಿಡಿದುಕೊಂಡೆ. ಜೆಪೆಗ್ ಯಾಕೆ ಅಂದೆ. ಲ್ಯಾಬಿನವರು ತೆಗೆದುಕೊಳ್ಳುವುದು ಅದೊಂದನ್ನೇ, ಎಲ್ಲ ಕೆಲಸ ಟಿಫ್‌ನಲ್ಲೇ ಮುಗಿಸಿ, ಕೊನೆಗೆ ಒಂದೇ ಸಲ, ಒತ್ತುವುದು ಎಷ್ಟು ಕಡಿಮೆ ಸಾಧ್ಯವೋ ಅಷ್ಟು ಕಡಿಮೆ ಮಾಡಿ ಕಳಿಸಿದರೆ ಕಣ್ಣಿಗೆ ಗೊತ್ತಾಗುವಂಥದ್ದು ಏನೂ ಹೋಗುವುದಿಲ್ಲ ಅಂದರು. ಹಾಗಾದರೆ ಈ ಮೂರು ವಾರ ನಾನು ಯಾತಕ್ಕೆ ಒದ್ದಾಡಿದ್ದು ಎಂದು ಕೇಳಲಿಲ್ಲ. ಒದ್ದಾಟ ನನ್ನದೇ, ಅವರು ಕೇಳಿದ್ದು ಸ್ಕ್ಯಾನು ಮಾತ್ರ. ಮೂಲದ ಟಿಫ್ ಹಾಗೇ ಇಟ್ಟುಕೊಳ್ಳಿ ಎಂದು ಮೂರು ಸಲ ಹೇಳಿದೆ.

ಹೊರಡುವಾಗ ಅವರು ಎರಡು ಪ್ರಶ್ನೆ ಕೇಳಿದರು. ಇಬ್ಬರೂ ನಿಮ್ಮ ತಾಯಿಯವರ ಕಡೆಯವರಾ? ಹೌದು ಅಂದೆ. ಕೆಳಗೆ ಹೆಸರು, ತಾರೀಕು ಏನಾದರೂ ಬರೆಯಬೇಕಾ? ಫೋಟೋ ತೆಗೆದ ತಾರೀಕು ಯಾರಿಗೆ ಗೊತ್ತು ಎಂದುಕೊಂಡು, ಬೇಡ ಅಂದೆ. ಅವರು ದನಿ ತಗ್ಗಿಸಿ, ಚಲೋ ಮಾಡಿ ಕೊಡ್ತೀನಿ ಬಿಡ್ರಿ ಅಂದರು. ನನ್ನ ತಲೆಯಲ್ಲಿ ಆಗ ಫೈಲಿನ ಹೆಸರು ಓಡುತ್ತಿತ್ತು, ಲ್ಯಾಬಿನಲ್ಲಿ ಬೇರೆಯವರ ಫೈಲಿನೊಂದಿಗೆ ಅದಲುಬದಲಾದರೆ ಎಂದು.

ಆರನೇ ದಿನ ಫೋಟೋ ಬಂತು. ದಪ್ಪ ಹಲಗೆಗೆ ಅಂಟಿಸಿ, ಕಾಗದ ಸುತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಟೇಪು ಹಾಕಿ ಇಟ್ಟಿದ್ದರು. ಅವರು ಊಟಕ್ಕೆ ಹೋಗಿದ್ದರು, ಅವರ ಹೆಂಡತಿ ತೆಗೆದುಕೊಟ್ಟು, ಮೇಲ್ಮೈಗೆ ಬೆರಳು ತಾಗಿಸಬೇಡಿ ಎಂದು ಹೇಳಿದರು. ಅಷ್ಟು ಸಾಕಾಯಿತು, ನಾನು ಟೇಪನ್ನೂ ಮುಟ್ಟಲಿಲ್ಲ. ಬಿಚ್ಚಿ ನೋಡು ಎಂದು ಯಜಮಾನರು ಮೂರು ಸಲ ಹೇಳಿದರು. ದೊಡ್ಡಮ್ಮ ನೋಡಿದ ಮೇಲೆ ಅಂದೆ. ನಿಜ ಹೇಳಬೇಕೆಂದರೆ ಹೆದರಿಕೆ.

ಮರುದಿನ ಬೆಳಗಿನ ಬಸ್ಸಿನಲ್ಲಿ ಹರಿಹರಕ್ಕೆ ಒಯ್ದೆ. ದೊಡ್ಡಮ್ಮ ಸ್ನಾನ, ಪೂಜೆ ಮುಗಿಸಿ ಪಡಸಾಲೆಯಲ್ಲಿ ಕಾಯುತ್ತಿದ್ದಳು. ಕನ್ನಡಿ ಕಾಣದಾದ ಮೇಲೆ ಅವಳ ಹಣೆಯ ವಿಭೂತಿ ದಿನವೂ ಒಂದೊಂದು ದಿಕ್ಕಿಗೆ ಓಡುತ್ತದೆ, ಅವತ್ತು ಬಲಗಿವಿಯ ಕಡೆ ಹೊರಟಿತ್ತು. ಸೊಸೆ ಟೇಪು ಕತ್ತರಿಸಿ, ಕಾಗದ ತೆಗೆದು, ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಳು.

ಮೊದಲು ನೋಡಿದವಳು ನಾನು. ಅವ್ವನ ನಗು ಹಾಗೇ ಇತ್ತು, ಹಲ್ಲಿನ ಚೂರಿನ ಸಮೇತ. ಪಾಚಿ ಬಣ್ಣ ಇರಲಿಲ್ಲ, ಯಾರ ಭುಜವೂ ಕಡಿದಿರಲಿಲ್ಲ. ಆಮೇಲೆ ಹಣೆ ನೋಡಿದೆ. ಮೂರು ಗೆರೆ ವಿಭೂತಿ, ಹಣೆಯ ಉಬ್ಬಿಗೆ ತಕ್ಕಂತೆ ಬಾಗಿ, ಕುಂಕುಮಕ್ಕೆ ಜಾಗ ಬಿಟ್ಟು, ಕೈಯಿಂದಲೇ ಹಚ್ಚಿದ ಹಾಗೆ. ನಮ್ಮ ಕಡೆ ಹಳೆಯ ಫೋಟೋವನ್ನು ಇಷ್ಟು ದೊಡ್ಡದು ಮಾಡಿಸಿದರು ಅಂದರೆ ಅದು ಹೋದವರದ್ದು, ಹೋದವರ ಹಣೆ ಬರಿದಾಗಿರಬಾರದು ಎಂದು ಕಂಪ್ಯೂಟರಿನಲ್ಲಿ ಕೇಳದೆಯೇ ವಿಭೂತಿ ಹಚ್ಚಿಕೊಡುತ್ತಾರೆ. ಅವ್ವನಿಗೆ ಹಚ್ಚಿದ್ದರು. ದೊಡ್ಡಮ್ಮನಿಗೂ ಹಚ್ಚಿದ್ದರು.

ದೊಡ್ಡಮ್ಮ ಒಂದು ಗೇಣಿನಷ್ಟು ಹತ್ತಿರ ಬಂದು, ಗೋಡೆಗೆ ಕಿವಿಗೊಡುವವಳ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿದಳು. ಬಹಳ ಹೊತ್ತು ಹುಡುಕಿದಳು. ಬೆಳ್ಳಗೆ ಏನೋ ಐತೆ ಅಂದಳು. ಆ ಬೆಳ್ಳಗಿನದನ್ನು ಹಿಡಿದುಕೊಂಡು, ಬೆರಳು ತಾಗಿಸದೆ ಗಾಳಿಯಲ್ಲೇ ಕೆಳಗಿಳಿದಳು, ಹುಬ್ಬು, ಮೂಗು. ತುಟಿಯ ಹತ್ತಿರ ಬೆರಳು ನಿಂತಿತು.

"ನಕ್ಕಾಳ ನೋಡು."

ಸೊಸೆಯ ಕೈ ಸೋತು ಹಲಗೆ ಅಲುಗಿತು. ನಾನು ಇನ್ನೊಂದು ಬದಿ ಹಿಡಿದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಬೆರಳು ಪಕ್ಕದ ಮುಖಕ್ಕೆ ಸರಿಯಿತು, ಅಲ್ಲಿಯೂ ಬೆಳ್ಳಗಿನದೇ ಮೊದಲು ಸಿಕ್ಕಿತು.

"ಇದು ನಾನಲ್ಲೇನು? ನನಗೂ ಹಚ್ಯಾನ?"

ನಾನು ತಡವರಿಸುತ್ತ ಹೇಳಿದೆ. ತಪ್ಪು ನನ್ನದೇ, ಹೇಳಬೇಕಿತ್ತು, ವಿಭೂತಿ ಹಚ್ಚದ ಮೂಲ ಫೈಲು ಅವರ ಹತ್ತಿರ ಇದೆ, ಇವತ್ತೇ ವಾಪಸು ಒಯ್ಯುತ್ತೇನೆ, ಇನ್ನೊಂದು ಆರು ದಿನಕ್ಕೆ ಹೊಸದು ತರುತ್ತೇನೆ. ಹೇಳುತ್ತಲೇ ಸ್ಟುಡಿಯೋದವರಿಗೆ ಫೋನನ್ನೂ ಹಚ್ಚಿದ್ದೆ. ಅವಸರದಲ್ಲಿ ಬೆರಳು ತಾಗಿ ಅದು ಸ್ಪೀಕರಿಗೆ ಹೋಗಿತ್ತು. ವಿಷಯ ಕೇಳಿ ಅವರು ಬಹಳ ಮೆಲ್ಲಗೆ ಅಂದರು, "ಹಂಗಾರೆ ಒಬ್ರು ಇನ್ನೂ ಅದಾರೇನ್ರಿ ಮೇಡಂ?"

ದೊಡ್ಡಮ್ಮನ ಬೆರಳು ಆಗಲೇ ತಂಗಿಯ ತುಟಿಗೆ ವಾಪಸಾಗಿತ್ತು. ಮುಖ ಈ ಕಡೆ ತಿರುಗಿಸಲಿಲ್ಲ.

"ಅದೀನಿ ಅಂತ ಹೇಳು," ಅಂದಳು. "ಇದನ್ನ ಒಯ್ಯಬ್ಯಾಡ. ಆರು ದಿನ ಯಾರು ಕಾಯ್ತಾರ. ನೆಟ್ಟಗ ಹಚ್ಯಾನ, ಇರ್ಲಿ."